ಎಡಗಡೆಯ ಸ್ಪೀಕರ್

"ಇದನ್ನ ರಿಪೇರಿ ಮಾಡಿದ್ದು ಯಾರು?"

ಸ್ಪೀಕರನ್ನು ಮೇಜಿನ ಮೇಲೆ ದೊಪ್ಪನೆ ಇಟ್ಟವನ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. ರೆಂಗಾನಿಸ್ ಸೋಲ್ಡರಿಂಗ್ ಐರನ್ನು ಪಕ್ಕಕ್ಕಿಟ್ಟು ತಲೆಯೆತ್ತಿದಳು. ಬಾಂಡುಂಗ್‌ನ ಆ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಲ್ಲಿ ದನಿ ಏರಿಸುವ ಗಿರಾಕಿಗಳು ಅವಳಿಗೆ ಹೊಸಬರಲ್ಲ.

"ನಾನೇ. ಏನಾಗಿದೆ?"

"ಎಡಗಡೆದು ಸತ್ತಿದೆ. ನಿಮ್ಮ ಕೈಗೆ ಬರೋ ಮುಂಚೆ ಅರ್ಧ ಜೀವ ಇತ್ತು. ಈಗ ಅದೂ ಇಲ್ಲ."

ಅವಳು ವೈರ್ ಚುಚ್ಚಿ ಹಾಡು ಹಾಕಿದಳು. ಮೇಜಿನ ಮೇಲಿದ್ದ ಚಹಾ ಲೋಟ ನಡುಗುವಷ್ಟು ಸ್ಪಷ್ಟವಾಗಿ ಸ್ಪೀಕರ್ ಹಾಡಿತು. ಒಳಗೆ ಹಳೆಯ ರೇಡಿಯೋ ಬಿಚ್ಚುತ್ತ ಕೂತಿದ್ದ ಅವಳ ತಂದೆ, ಅಬಾಹ್, ಸತ್ತವರಿಗೆ ಇಷ್ಟು ಒಳ್ಳೆ ಗಂಟಲಿರುವುದನ್ನು ತಾನು ಕಂಡೇ ಇಲ್ಲ ಎಂದು ಗೊಣಗಿದರು.

ಬಂದವನು ನಗಲಿಲ್ಲ. ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟವನ ಹಾಗೆ ಕತ್ತು ಓರೆ ಮಾಡಿ, ಬಲಗೆನ್ನೆಯನ್ನು ಸ್ಪೀಕರ್ ಕಡೆಗೆ ತಿರುಗಿಸಿ ನಿಂತ. ಅವನ ಮುಖದಲ್ಲಿದ್ದ ಕೋಪ ಇಳಿದು, ಅದರ ಜಾಗಕ್ಕೆ ಗೊಂದಲ ಬಂತು.

ರೆಂಗಾನಿಸ್ ಆ ಕತ್ತಿನ ಓರೆಯನ್ನೇ ನೋಡಿದಳು. ಇದನ್ನು ಎಲ್ಲೋ ನೋಡಿದ್ದೇನೆ... ಎಲ್ಲಿ?

ಅವನ ಹೆಸರು ಗುಮಿಲಾರ್. ಕಂಪ್ಯೂಟರು, ಸಿಂಥಸೈಜರುಗಳಲ್ಲಿ ಸಂಗೀತ ಕಟ್ಟುವವನು. ಹಾಗಿದ್ದರೆ ತೊಂದರೆ ತನ್ನ ಸ್ಟುಡಿಯೋದ ವೈರಿಂಗಿನಲ್ಲೇ ಇರಬೇಕು, ಒಮ್ಮೆ ಬಂದು ನೋಡಿ ಎಂದು ಕೇಳಿಕೊಂಡ. ಹೋಗುವಾಗ ಮೆಟ್ಟಿಲಿನ ಬಳಿ ಮುಗ್ಗರಿಸಿ ಕಂಬ ಹಿಡಿದುಕೊಂಡ.

ಮೆಟ್ಟಿಲು ಒದ್ದೆಯಿರಲಿಲ್ಲ.

*

ಸ್ಟುಡಿಯೋ ಇದ್ದದ್ದು ಡಾಗೋ ಇಳಿಜಾರಿನಲ್ಲಿ, ಅವನ ಅಕ್ಕ ತೆಹ್ ಇಮಾಸ್ ನಡೆಸುತ್ತಿದ್ದ ಸುರಾಬಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮಣ್ಣಿನ ಹೆಂಚಿನ ಮೇಲೆ ತೆಂಗಿನ ಹಾಲಿನ ಸುರಾಬಿ ದೋಸೆ ಬೇಯುವ ಪರಿಮಳ ನೆಲದ ಹಲಗೆಗಳ ಸಂದಿನಿಂದ ಮೇಲೇರುತ್ತಿತ್ತು.

ಒಳಗೆ ಕಾಲಿಟ್ಟ ಕೂಡಲೇ ರೆಂಗಾನಿಸಳ ಕಣ್ಣು ಅರಳಿತು. ಮುದುಕರ ಹಲ್ಲಿನ ಹಾಗೆ ಕೀಲಿಗಳೆಲ್ಲ ಹಳದಿಯಾದ ಜಪಾನಿನ ಸಿಂಥಸೈಜರ್. ಎರಡು ಡ್ರಮ್ ಮಷೀನ್. ಗೋಡೆಯುದ್ದದ ಪೆಟ್ಟಿಗೆಯಿಂದ ಇಳಿಬಿದ್ದ ಬಣ್ಣಬಣ್ಣದ ವೈರುಗಳು. ಮೂಲೆಯಲ್ಲಿ ಗಾಜು ಹಾಕಿ ಮರೆ ಮಾಡಿದ, ದನಿ ರೆಕಾರ್ಡ್ ಮಾಡುವ ಪುಟ್ಟ ಕೋಣೆ. ಬಾಗಿಲ ಮೇಲೆ ಒಂದು ಕಾಗದ: 'ಈ ವಾರ ಕೇಳುತ್ತಿರುವುದು.' ಅದರಲ್ಲಿ ಹಳ್ಳಿಯಿಂದ ತಂದ ಕೊಳಲಿನ ಕ್ಯಾಸೆಟ್, ಮನಿಲಾದ ಗೆಳೆಯನೊಬ್ಬ ಕಳಿಸಿದ ಕುಣಿತದ ಹಾಡು, ತೋಫು ಮಾರುವವನ ಗಂಟೆ, ಪಕ್ಕದ ಮನೆಯ ನೀರಿನ ಪಂಪು.

"ಪಂಪನ್ನೂ ಕೇಳ್ತೀರಾ?" ಎಂದಳು ತಡೆಯಲಾರದೆ.

"ಅದರಷ್ಟು ತಾಳಕ್ಕೆ ಸರಿಯಾಗಿರೋ ಮನುಷ್ಯ ಈ ಬೀದೀಲೇ ಇಲ್ಲ," ಎಂದ. ಮೊದಲ ಸಲ ನಕ್ಕ.

ಜಕಾರ್ತಾದ ನೃತ್ಯ ತಂಡವೊಂದಕ್ಕಾಗಿ ಅವನು ಸಂಗೀತ ಮಾಡುತ್ತಿದ್ದ. ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಹಳ್ಳಿಯ ಕತೆ. ತುಟಿಗೆ ಹಿಡಿದು ಬೆರಳಿನಿಂದ ಮೀಟುವ ಬಿದಿರಿನ ಕರಿಂದಿಂಗ್ ದನಿಯನ್ನು ನೂರು ಪಟ್ಟು ನಿಧಾನ ಮಾಡಿ, ಅದರಡಿಗೆ ಗುಂಯ್ ಎನ್ನುವ ಒಂದು ನಾದ ಹರಿಸಿದ್ದ. ಕೇಳುತ್ತ ಕೇಳುತ್ತ ರೆಂಗಾನಿಸಳಿಗೆ ತನ್ನ ಕಾಲಡಿಯ ನೆಲವೇ ನೀರೊಳಗೆ ಇಳಿಯುತ್ತಿದೆ ಅನ್ನಿಸಿತು. ಇಷ್ಟು ಚೆಂದದ್ದು ಇಷ್ಟೊಂದು ಹೆದರಿಸಬಹುದೇ...

ವೈರಿಂಗ್ ಸರಿಯಾಗಿಯೇ ಇತ್ತು.

ಮುಂದಿನ ವಾರ ಹೆಡ್‌ಫೋನಿನ ಎಡಬದಿ ಸತ್ತಿದೆ ಎಂದು ಕರೆದ. ಅದೂ ಸರಿಯಿತ್ತು. ಅದರ ಮುಂದಿನ ವಾರ ದನಿಗಳನ್ನು ಬೆರೆಸುವ ಮಿಕ್ಸರ್. ಪ್ರತಿ ಸಲವೂ ಕೆಲಸ ಮುಗಿದ ಮೇಲೆ ತೆಹ್ ಇಮಾಸ್ ಬಿಸಿ ಸುರಾಬಿ ಮೇಲೆ ಕಳಿಸುತ್ತಿದ್ದಳು, ಪ್ರತಿ ಸಲವೂ ಅವನು ಹೊಸದಾಗಿ ಕಟ್ಟಿದ್ದನ್ನು ಕೇಳಿಸಿ ರೆಂಗಾನಿಸಳ ಮುಖವನ್ನೇ ನೋಡುತ್ತ ಕೂರುತ್ತಿದ್ದ. ಮನೆಯಲ್ಲಿ ಅಬಾಹ್, ನೀನು ಗೌರವದಿಂದ ಕಾಂಗ್ ಎಂದು ಕರೆಯುವ ಆ ಗುಮಿಲಾರನ ಸಾಮಾನೆಲ್ಲ ಮಂಗಳವಾರವೇ ಯಾಕೆ ಕೆಡುತ್ತದೆ ಎಂದು ಕೇಳಿದರು. ಮಂಗಳವಾರ ಯಾವಾಗ ಬರುತ್ತದೋ ಎಂದು ಅವಳೂ ಕಾಯಲು ಶುರು ಮಾಡಿದ್ದಳು.

ಆದರೆ ಮೂರನೆಯ ಮಂಗಳವಾರ ಮಿಕ್ಸರಿನ ಮೇಲೆ ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಎಡಬದಿಯ ಗುಂಡಿಗಳನ್ನೆಲ್ಲ ತುದಿ ಮುಟ್ಟುವವರೆಗೆ ತಿರುಗಿಸಲಾಗಿತ್ತು. ಅವಳು ಬಾಗಿಲ ಕಡೆ ನೋಡಿದಳು. ಈ ವಾರದ ಪಟ್ಟಿಯಲ್ಲಿ ಕೊಳಲಿಲ್ಲ, ಗಂಟೆಯಿಲ್ಲ. ಪಂಪು, ರೈಲು, ದೊಡ್ಡ ಗಾಂಗ್, ಜನರೇಟರ್.

ಬರೀ ದಪ್ಪ ಸದ್ದುಗಳು.

ಆಗ ಅವಳಿಗೆ ನೆನಪಾಯಿತು, ಆ ಕತ್ತಿನ ಓರೆಯನ್ನು ಎಲ್ಲಿ ನೋಡಿದ್ದೆನೆಂದು.

*

"ಕಾಂಗ್, ಒಂದು ಪರೀಕ್ಷೆ ಮಾಡೋಣ. ಬಲಗಿವಿಗೆ ಬೆರಳಿಟ್ಟು ಗಟ್ಟಿಯಾಗಿ ಒತ್ತಿಕೊಳ್ಳಿ. ಕಣ್ಣು ಮುಚ್ಚಿ. ಸದ್ದು ಕೇಳಿಸಿದ ಕೂಡಲೇ ಕೈ ಎತ್ತಿ."

ಅವನು ನಗುತ್ತ ಒಪ್ಪಿದ. ಕಣ್ಣಾಮುಚ್ಚಾಲೆ ಆಡುವ ವಯಸ್ಸಾ ಇದು ಎಂದ.

ಅವಳು ರಿಪೇರಿಗೆ ಬಳಸುವ ಪುಟ್ಟ ಟೋನ್ ಪೆಟ್ಟಿಗೆಯನ್ನು ಅವನ ಎಡಗಿವಿಯ ಹತ್ತಿರ ಹಿಡಿದು ಗುಂಡಿ ಒತ್ತಿದಳು. ಸಣ್ಣ, ಚೂಪಾದ ಸದ್ದು. ಅವನು ಅಲುಗಲಿಲ್ಲ. ಸದ್ದು ಏರಿಸಿದಳು. ಇನ್ನೂ ಏರಿಸಿದಳು. ಅವಳ ಕಿವಿಯೇ ನೋಯುವಷ್ಟಾಯಿತು. ಕೆಳಗಿನ ಅಂಗಡಿಯಿಂದ ತೆಹ್ ಇಮಾಸ್, ಮೇಲೆ ಏನದು ಕಿರುಚಾಟ ಎಂದು ಕೂಗಿದಳು.

ಅವಳು ಪೆಟ್ಟಿಗೆ ಆರಿಸಿದಳು.

ಅವನು ಕಣ್ಣು ಮುಚ್ಚಿಕೊಂಡೇ ಇದ್ದ. ತುಟಿಯ ಮೇಲೆ ನಗು ಹಾಗೇ ಇತ್ತು.

"ಇನ್ನೂ ಎಷ್ಟೊತ್ತು? ಯಾವಾಗ ಶುರು ಮಾಡ್ತೀರಿ?"

ರೆಂಗಾನಿಸ್ ಅವನ ಬಲಗಿವಿಯ ಮೇಲಿದ್ದ ಬೆರಳನ್ನು ಮೆಲ್ಲಗೆ ತೆಗೆದಳು.

ಅವತ್ತು ಅವಳು ಯಾರಿಗೂ ಹೇಳದಿದ್ದದ್ದನ್ನು ಅವನಿಗೆ ಹೇಳಿದಳು. ಅವಳ ತಾಯಿ, ಅಂಬು, ಎರಡು ವರ್ಷ ಒಂದೇ ಮಾತು ಹೇಳುತ್ತಿದ್ದರು: ನನ್ನ ಫೋನು ಕೆಟ್ಟಿದೆ, ಈ ಕಿವಿಗಿಟ್ಟರೆ ಏನೂ ಕೇಳಿಸುವುದಿಲ್ಲ. ಮಗಳು ಮೂರು ಸಲ ಆ ಫೋನು ಬಿಚ್ಚಿದಳು. ಮೂರು ಸಲವೂ ಏನೂ ಆಗಿಲ್ಲ ಎಂದು ಬೈದು ವಾಪಸ್ ಕೊಟ್ಟಳು. ಯಾರಾದರೂ ಮಾತಾಡಿದರೆ ಅಂಬು ಇವನ ಹಾಗೇ ಕತ್ತು ಓರೆ ಮಾಡುತ್ತಿದ್ದರು; ಆಮೇಲೆ ನಡೆಯುವಾಗ ತೂರಾಡತೊಡಗಿದರು. ಒಂದು ದಿನ ಬಚ್ಚಲಲ್ಲಿ ಬಿದ್ದರು. ಕಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಗಡ್ಡೆ ಬೆಳೆದಿತ್ತು. ಆಸ್ಪತ್ರೆಯವರು ಹೊತ್ತು ಮೀರಿದೆ ಎಂದರು. ಅಂಬು ಮತ್ತೆ ಕಣ್ಣು ಬಿಡಲಿಲ್ಲ.

"ನಿಮ್ಮ ಸಾಮಾನು ಯಾವುದೂ ಕೆಟ್ಟಿಲ್ಲ, ಕಾಂಗ್," ಎಂದಳು. "ದಯವಿಟ್ಟು ಸ್ಕ್ಯಾನ್ ಮಾಡಿಸಿ. ನಾಳೆನೇ."

ಅವನ ಮುಖ ಬಿಳಿಚಿಕೊಂಡಿತು. ಆದರೂ ತಲೆಯಲ್ಲಾಡಿಸಿದ. ನೃತ್ಯಕ್ಕೆ ಇನ್ನು ಮೂರೇ ವಾರ. ಈಗ ಸುದ್ದಿ ಹೊರಬಿದ್ದರೆ, ಕಿವಿ ಹೋದವನ ಕೈಗೆ ಯಾರು ಸಂಗೀತ ಕೊಡುತ್ತಾರೆ? ಅಲ್ಲಿಯವರೆಗೆ ಯಾರಿಗೂ ಹೇಳಬೇಡಿ ಎಂದ. ಅವಳು ಸುಮ್ಮನಿದ್ದಳು. ಆ ಮೌನವನ್ನು ಅವನು ಒಪ್ಪಿಗೆ ಅಂದುಕೊಂಡ.

ಎದ್ದು ನೀರು ತರಲು ಹೋದವನು ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದುಕೊಂಡ. ಅಂಬು ಕೂಡ ಹೀಗೇ ಬಡಿದುಕೊಳ್ಳುತ್ತಿದ್ದರು... ಮೂರು ವಾರ. ಅಷ್ಟರಲ್ಲಿ ಇವನೂ ಎಲ್ಲಾದರೂ ಬಿದ್ದರೆ?

ಮೆಟ್ಟಿಲಿಳಿದು ಅವಳು ನೇರ ತೆಹ್ ಇಮಾಸ್ ಮುಂದೆ ನಿಂತಳು.

*

ನಾಲ್ಕನೆಯ ದಿನ ಮಧ್ಯಾಹ್ನ ಅವನು ರೆಂಗಾನಿಸಳ ರಿಪೇರಿ ಅಂಗಡಿಗೆ ಬಂದ. ಈ ಸಲ ಕೈಯಲ್ಲಿ ಏನೂ ಇರಲಿಲ್ಲ.

ತೆಹ್ ಇಮಾಸ್ ಗಾಬರಿಯಲ್ಲಿ ನೃತ್ಯ ತಂಡಕ್ಕೇ ಫೋನು ಮಾಡಿ, ತಮ್ಮನನ್ನು ಬಿಟ್ಟುಬಿಡಿ, ಅವನಿಗೆ ಹುಷಾರಿಲ್ಲ ಎಂದು ಅತ್ತಿದ್ದಳು. ತಂಡದವರು ಮರುದಿನವೇ ಬೇರೆಯವರನ್ನು ಗೊತ್ತುಮಾಡಿಕೊಂಡಿದ್ದರು.

"ಎಂಟು ತಿಂಗಳ ಕೆಲಸ," ಎಂದ ಗುಮಿಲಾರ್. ದನಿ ಏರಿರಲಿಲ್ಲ. ಅದೇ ಹೆಚ್ಚು ಭಯವಾಗುವಂತಿತ್ತು. "ನಿಮ್ಮನ್ನ ನಂಬಿದ್ದೆ ನಾನು."

"ಬದುಕಿದ್ರೆ ಇನ್ನೊಂದು ಮಾಡಬಹುದು, ಕಾಂಗ್."

"ನನ್ನ ಬದುಕಿನ ಚಿಂತೆನಾ ನಿಮಗೆ? ನಿಮ್ಮ ಅಮ್ಮನ ಫೋನು ಮೂರು ಸಲ ಬಿಚ್ಚಿದ್ರಲ್ಲ, ಆ ಪಾಪ ತೊಳ್ಕೊಳ್ಳೋಕೆ ನಿಮಗೆ ಒಬ್ಬ ಬೇಕಿತ್ತು. ನಾನು ಸಿಕ್ಕೆ."

ಒಳಗಿದ್ದ ಅಬಾಹ್ ಎದ್ದು ನಿಂತರು. ಅವರಿಗೆ ಆ ಫೋನಿನ ಕತೆ ಗೊತ್ತಿರಲಿಲ್ಲ.

ಅವನು ಹೋದ ಮೇಲೆ ಅವಳು ಅಪ್ಪನಿಗೆ ಆ ಫೋನಿನ ಕತೆಯನ್ನೆಲ್ಲ ಹೇಳಿದಳು. ಆಮೇಲೆ ಅಬಾಹ್ ಅವಳ ಪಕ್ಕ ಬಂದು ಕೂತು, ಆ ಎರಡು ವರ್ಷ ಅದೇ ಹಾಸಿಗೆಯಲ್ಲಿ ಮಲಗಿದ್ದವನು ನಾನು, ನನಗೂ ತಿಳಿಯಲಿಲ್ಲವಲ್ಲ ಮಗಳೇ ಎಂದರು. ರೆಂಗಾನಿಸ್ ಅವರ ಹೆಗಲಿಗೆ ಮುಖವಿಟ್ಟು ಅತ್ತಳು. ತಾಯಿ ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಎರಡು ಮಂಗಳವಾರ ಬಂದವು, ಹೋದವು. ಫೋನು ಬರಲಿಲ್ಲ. ಅವನ ಬೀದಿಯ ಕಡೆಯಿಂದ ಆಂಬುಲೆನ್ಸಿನ ಸದ್ದು ಕೇಳಿದರೆ ಸಾಕು, ಅವಳ ಕೈಯ ಕೆಲಸ ನಿಲ್ಲುತ್ತಿತ್ತು.

ಮೂರನೆಯ ವಾರ ತೆಹ್ ಇಮಾಸ್ ಬಂದಳು. ಗುಮಿಲಾರ್ ಮೆಟ್ಟಿಲಿನಿಂದ ಉರುಳಿ ಬಿದ್ದನಂತೆ. ಕೈಗೆ ತರಚಿದ್ದು ಬಿಟ್ಟರೆ ಪೆಟ್ಟಾಗಲಿಲ್ಲ, ಆದರೆ ಹೆದರಿ ತಾನಾಗಿಯೇ ಸ್ಕ್ಯಾನಿಗೆ ಹೋದನಂತೆ. ಅದೇ ಗಡ್ಡೆ. ನೇರಳೆ ಹಣ್ಣಿಗಿಂತ ದೊಡ್ಡದು, ಮೆದುಳನ್ನು ಒತ್ತುತ್ತಿದೆ. ಇನ್ನು ಕೆಲವು ತಿಂಗಳು ಬಿಟ್ಟಿದ್ದರೆ ಕೈ ಮೀರುತ್ತಿತ್ತಂತೆ. ಆಪರೇಷನ್ ಗುರುವಾರ. ಎಡಗಿವಿ ಉಳಿಯುವುದಿಲ್ಲ. ಉಳಿದದ್ದರ ಬಗ್ಗೆ ಡಾಕ್ಟರು ಏನೂ ಮಾತು ಕೊಡಲಿಲ್ಲ.

"ನಿನ್ನನ್ನ ಕರೀ ಅನ್ನೋಕೆ ಅವನಿಗೆ ಮುಖ ಇಲ್ಲ," ಎಂದಳು ತೆಹ್ ಇಮಾಸ್. "ನಾನು ಕರೀತಿದೀನಿ."

*

ಬುಧವಾರ ಬೆಳಗ್ಗೆ ಅವಳು ಹೋದಾಗ ಅವನು ಸಿಂಥಸೈಜರಿಗೆ ಬಟ್ಟೆ ಹೊದಿಸುತ್ತಿದ್ದ. ಹೆಣಕ್ಕೆ ಹೊದಿಸುವ ಹಾಗಿತ್ತು ಆ ಬಿಳಿ ಬಟ್ಟೆ. ಅವಳನ್ನು ಕಂಡು ಕೈ ನಿಂತಿತು.

"ನಿಮ್ಮ ಅಮ್ಮನ ವಿಷಯ ಎತ್ತಿದ್ದಕ್ಕೆ ನನಗೆ ಕ್ಷಮೆ ಬೇಡ," ಎಂದ. "ಅಷ್ಟು ಕೆಟ್ಟ ಮಾತು ಅದು. ಆದ್ರೆ ಒಂದು ಕೇಳ್ತೀನಿ. ಈ ಕಿವಿಯಲ್ಲಿ ಇನ್ನೂ ಚೂರು ಉಳಿದಿದೆ. ಹೆಡ್‌ಫೋನಲ್ಲಿ ಪೂರ್ತಿ ಜೋರು ಮಾಡಿದ್ರೆ ಕೇಳಿಸುತ್ತೆ. ನಾಳೆ ಅದೂ ಇರಲ್ಲ. ಕೊನೇದಾಗಿ ಅದಕ್ಕೆ ಏನು ಕೇಳಿಸಲಿ ಅಂತ ಯೋಚಿಸ್ದೆ... ನಿಮ್ಮ ದನಿ ಬಿಟ್ಟು ಬೇರೇನೂ ಹೊಳೀಲಿಲ್ಲ."

ಅವಳು ಗಾಜಿನ ಕೋಣೆಯೊಳಗೆ ಹೋಗಿ ಮೈಕಿನ ಮುಂದೆ ಕೂತಳು. ರೆಕಾರ್ಡ್ ಮಾಡಬೇಡಿ ಎಂದು ಕೈಸನ್ನೆ ಮಾಡಿದಳು. ಗಾಜಿನಾಚೆ ಅವನು ಹೆಡ್‌ಫೋನನ್ನು ಎಡಗಿವಿಗಷ್ಟೇ ಒತ್ತಿ, ಬಲಗಿವಿಗೆ ಬೆರಳಿಟ್ಟು ಕಣ್ಣು ಮುಚ್ಚಿದ್ದ.

ಏನು ಹೇಳಲಿ? ಹೆದರಬೇಡಿ ಅನ್ನಲೇ? ತನಗೇ ಇಷ್ಟು ಹೆದರಿಕೆಯಾಗುತ್ತಿರುವಾಗ?

"ಎದ್ದು ಬನ್ನಿ," ಎಂದಳು. "ಹೇಗಾದ್ರೂ ಎದ್ದು ಬನ್ನಿ. ಬಂದ ಮೇಲೆ ನನ್ನ ಮದುವೆ ಆಗ್ತೀರಾ?"

ಅವನು ಕಣ್ಣು ಬಿಟ್ಟು ಅವಳನ್ನು ನೋಡಿದ. ಕಣ್ಣಲ್ಲಿ ನೀರಿತ್ತು. ನಿಧಾನವಾಗಿ, ಎರಡು ಸಲ, ತಲೆಯಾಡಿಸಿದ.

*

ಗುರುವಾರ ಬೆಳಗ್ಗೆ ಏಳಕ್ಕೆ ಒಳಗೆ ಕರೆದುಕೊಂಡು ಹೋದರು. ಮಧ್ಯಾಹ್ನವಾಯಿತು. ಬಾಗಿಲು ತೆರೆಯಲಿಲ್ಲ. ಒಬ್ಬ ನರ್ಸ್ ಓಡಿ ಹೊರಬಂದು, ರಕ್ತದ ಚೀಲ ಹಿಡಿದು ಓಡಿ ಒಳಹೋದಳು. ಯಾರ ಮುಖವನ್ನೂ ನೋಡಲಿಲ್ಲ. ತೆಹ್ ಇಮಾಸಳ ಜಪಮಣಿ ನಿಂತುಹೋಯಿತು. ಅಬಾಹ್ ಮಗಳ ಕೈ ಹಿಡಿದುಕೊಂಡರು. ಇದೇ ಥರದ ಬೆಂಚಿನ ಮೇಲೆ ಅವರಿಬ್ಬರೂ ಮುಂಚೆಯೂ ಒಮ್ಮೆ ಕೂತಿದ್ದರು.

ನಾಲ್ಕೂವರೆಗೆ ಡಾಕ್ಟರು ಹೊರಗೆ ಬಂದರು. ಬದುಕಿದ್ದಾನೆ ಎಂದರು.

ಅವನು ಎದ್ದು ಬಂದ. ಆದರೆ ಬೇರೆಯವನಾಗಿ ಬಂದ. ಮುಖದ ಎಡಭಾಗ ನಗುತ್ತಿರಲಿಲ್ಲ. ನಡೆಯುವಾಗ ಗೋಡೆ ಬೇಕಿತ್ತು. ರೆಂಗಾನಿಸ್ ದಿನಾ ಸಂಜೆ ಬಂದು ಇಳಿಜಾರಿನಲ್ಲಿ ಕೈಹಿಡಿದು ನಡೆಸುತ್ತಿದ್ದಳು. ಅವನು ಹವೆಯ ಬಗ್ಗೆ ಮಾತಾಡಿದ, ಸುರಾಬಿಯ ಬಗ್ಗೆ ಮಾತಾಡಿದ. ಆ ಬುಧವಾರದ ಬಗ್ಗೆ ಮಾತ್ರ ಒಂದಕ್ಷರ ಆಡಲಿಲ್ಲ.

ಎರಡು ತಿಂಗಳು ಕಳೆಯಿತು. ಸಾವಿನ ಭಯದಲ್ಲಿ ಹೂಂ ಅಂದಿದ್ದ, ಈಗ ಬೇಡವಾಗಿದೆ ಎಂದು ಅವಳು ಅರ್ಥ ಮಾಡಿಕೊಂಡಳು. ಒಂದು ಸಂಜೆ, ನಾಳೆಯಿಂದ ನಾನು ಬರಲಾರೆ ಎಂದಳು.

ಅವನು ರಸ್ತೆಯಲ್ಲೇ ನಿಂತ.

"ಒಂದು ನಿಜ ಹೇಳ್ಲಾ, ನೆಂಗ್?" ಎಂದ. ಅವಳನ್ನು ಅವನು ಹಾಗೆ ಸಲಿಗೆಯಿಂದ ಕರೆದದ್ದು ಅದೇ ಮೊದಲು. "ಅವತ್ತು ಗಾಜಿನಾಚೆ ಏನೋ ಹೇಳಿದ್ರಲ್ಲ... ನನಗೆ ಏನೂ ಕೇಳಿಸ್ಲಿಲ್ಲ. ಆ ಕಿವಿ ಆಗ್ಲೇ ಪೂರ್ತಿ ಹೋಗಿತ್ತು. ನಿಮಗೆ ಬೇಜಾರಾಗಬಾರದು ಅಂತ ತಲೆಯಾಡಿಸ್ದೆ."

ರೆಂಗಾನಿಸ್ ತಿರುಗಿ ಅವನ ಮುಖ ನೋಡಿದಳು.

"ಕ್ಷಮಿಸಿದೀನಿ, ಹೋಗ್ಬನ್ನಿ ಅಂದಿರ್ತೀರಿ ಅಂದ್ಕೊಂಡೆ. ಅದಕ್ಕಿಂತ ಹೆಚ್ಚು ಆಸೆ ಪಡೋ ಮುಖ ಎಲ್ಲಿದೆ ನನಗೆ? ಇದ್ದದ್ದೂ ಅರ್ಧ ಆಯ್ತು."

"ಮದುವೆ ಆಗ್ತೀರಾ ಅಂತ ಕೇಳಿದ್ದೆ."

ಅವನು ಪಕ್ಕದ ಮೋಟುಗೋಡೆಯ ಮೇಲೆ ಕೂತುಬಿಟ್ಟ. "ನಾನು... ಹೂಂ ಅಂದ್ನಾ?"

"ಎರಡು ಸಲ. ಅಬಾಹ್‌ಗೂ ಹೇಳ್ಬಿಟ್ಟಿದೀನಿ."

"ಅದಕ್ಕೇನಾ ಆಸ್ಪತ್ರೆಗೆ ಬಂದೋರು ಹೇಗಿದೀಯಾ ಅಂತ ಕೇಳೋದು ಬಿಟ್ಟು ಅಂಗಿ ಅಳತೆ ಕೇಳಿದ್ದು!"

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಅವನು ಕೈ ಹಿಡಿದು ಅವಳನ್ನು ತನ್ನ ಬಲಕ್ಕೆ ಕೂರಿಸಿಕೊಂಡ.

"ಇನ್ನೊಂದ್ಸಲ ಕೇಳ್ತೀರಾ? ಈ ಕಡೆಯಿಂದ."

ಅವಳು ಬಗ್ಗಿ ಅವನ ಕಿವಿಯಲ್ಲಿ ಕೇಳಿದಳು.

"ಆಗ್ತೀನಿ," ಎಂದ ಗುಮಿಲಾರ್. ಅರ್ಧ ಮುಖವಷ್ಟೇ ನಕ್ಕಿತು. "ಕೇಳಿಸ್ತಾ?"

"ಇಲ್ಲ," ಎಂದಳು ಅವನ ಹೆಗಲಿಗೆ ತಲೆಯಿಡುತ್ತ. "ಇನ್ನೊಂದ್ಸಲ ಹೇಳಿ."