ಆರು ಗಂಟೆಯೊಳಗೆ ಇನ್ನೂರು ಫ್ರೇಮ್

ಬಾಗಿಲು ತೆರೆದವಳು ಹಾಗೇ ನಿಂತುಬಿಟ್ಟಳು.

ನಾಲ್ಕು ತಿಂಗಳ ಹಿಂದೆ 'ಇನ್ನು ನಿನ್ನ ಮುಖ ತೋರಿಸಬೇಡ' ಎಂದು ಯಾರನ್ನು ಇದೇ ಹೊಸ್ತಿಲಿನಿಂದ ಕಳಿಸಿದ್ದಳೋ ಅವನೇ, ಉಪಕರಣಗಳ ಚೀಲ ಹೆಗಲಿಗೇರಿಸಿ ನಿಂತಿದ್ದ.

"ಯಾರು ಕರೆದ್ರು ನಿನ್ನ?"

"ನಾನು," ಅಡುಗೆಮನೆಯಿಂದ ಅಕ್ಕನ ದನಿ. "ನಿನ್ನೆಯಿಂದ ಆ ಡಬ್ಬದ ಮುಂದೆ ಅಳ್ತಾ ಕೂತಿದೀಯ. ಸೊಕ್ಕು ಆಮೇಲೆ ತೋರಿಸು. ಬಾರೋ ಮಿಲಿವೋಲ್ಟ್, ಒಳಗೆ ಬಾ."

ಕಂಪ್ಯೂಟರ್ ಮೆಕ್ಯಾನಿಕ್ ಅವನು. ಪ್ರೊಸೆಸರಿನ ವೋಲ್ಟೇಜನ್ನು ಐದೈದೇ ಮಿಲಿವೋಲ್ಟ್ ಏರಿಸಿ, ಪ್ರತಿ ಸಲ ಪರೀಕ್ಷಿಸಿ ನೋಡುವ ಅವನ ತಾಳ್ಮೆಗೆ ಅಕ್ಕ ಇಟ್ಟ ಹೆಸರು ಅದು.

ಇವಳು ಆನಿಮೇಷನ್ ಕಲಾವಿದೆ. ಮೂರು ವರ್ಷ ಒಬ್ಬಳೇ ಕೂತು ಮಾಡಿದ ಏಳು ನಿಮಿಷದ ಚಿತ್ರ ಇಂದು ಸಂಜೆ ಆರರೊಳಗೆ ಸ್ಪರ್ಧೆಗೆ ಹೋಗಬೇಕು. ಆಯ್ಕೆಯಾದರೆ ದೂರದ ಊರಿನ ದೊಡ್ಡ ಸ್ಟುಡಿಯೋದಲ್ಲಿ ಎರಡು ವರ್ಷ ಕೆಲಸ. ಇನ್ನೂ ಇನ್ನೂರು ಫ್ರೇಮ್, ಎಂದರೆ ಬಿಡಿ ಚಿತ್ರ, ಕಂಪ್ಯೂಟರಿನಿಂದ ಮೂಡಿಬರುವುದು ಬಾಕಿ... ಕಂಪ್ಯೂಟರ್ ಮಾತ್ರ ಎರಡು ಫ್ರೇಮಿಗೊಮ್ಮೆ ಸ್ತಬ್ಧವಾಗುತ್ತಿತ್ತು. ಹಾಗಾದಾಗಲೆಲ್ಲ ಮತ್ತೆ ಶುರುಮಾಡಲು ಇಪ್ಪತ್ತು ನಿಮಿಷ.

ಅವನು ಸೆಟ್ಟಿಂಗ್ ಪರದೆ ತೆರೆದ.

"ವೋಲ್ಟೇಜ್ ಆಟೋಗೆ ಹಾಕಿದ್ಯಾ?"

"ಹೂಂ. ನೀನು ವೇಗಾನ ನಾಲ್ಕು ಪಾಯಿಂಟ್ ಎಂಟು ಗಿಗಾಹರ್ಟ್ಸ್‌ಗೆ ಕಟ್ಟಿಹಾಕಿದ್ದೆ. ಇದೇ ಚಿಪ್ ಎಲ್ಲರ ಹತ್ರ ಐದು ಪಾಯಿಂಟ್ ಎರಡು ಓಡುತ್ತೆ. ನಾನೇ ಏರಿಸಿದೆ."

"ವೇಗ ಏರಿಸಿದ್ರೆ ವೋಲ್ಟೇಜ್ ಹೆಚ್ಚು ಬೇಕು. ಆಟೋಗೆ ಬಿಟ್ರೆ ಬೋರ್ಡ್ ಲೆಕ್ಕ ಇಡದೆ ಸುರಿಯುತ್ತೆ. ಒಂದು ಪಾಯಿಂಟ್ ನಾಲ್ಕು ಎಂಟು ವೋಲ್ಟ್... ನಾಲ್ಕು ತಿಂಗಳು." ಅವನು ಕಣ್ಣುಜ್ಜಿಕೊಂಡ. "ಎಲ್ಲ ಚಿಪ್ಪೂ ಒಂದೇ ಥರ ಇರಲ್ಲ. ನಿನ್ನದು ದುರ್ಬಲ. ಅದಕ್ಕೇ ಅಲ್ಲಿಗೆ ನಿಲ್ಲಿಸಿದ್ದೆ. ಈಗ ಒಳಗೊಳಗೇ ಸವೆದುಹೋಗಿದೆ."

ಹಾಗಾದರೆ ಅಂದು ನಾನು ಅಂದದ್ದು?

'ನಾನು ಊರು ಬಿಟ್ಟು ಹೋಗಬಾರದು ಅಂತ ತಾನೆ ಇದರ ಕಾಲು ಮುರಿದಿಟ್ಟೆ?' ಎಂದಿದ್ದಳು. ಅವನು ಒಂದು ಮಾತೂ ಆಡದೆ ಮೆಟ್ಟಿಲಿಳಿದಿದ್ದ. ಮೌನವೇ ಒಪ್ಪಿಗೆ ಎಂದುಕೊಂಡಿದ್ದಳು.

"ಬೇರೆ ಕಂಪ್ಯೂಟರಿಗೆ ಹಾಕಿದ್ರೆ?" ಅಕ್ಕ ಕೇಳಿದಳು.

"ಫೈಲುಗಳ ನಕಲಿಗೇ ಅರ್ಧ ದಿನ ಬೇಕಕ್ಕ. ಇದನ್ನೇ ಬದುಕಿಸ್ಬೇಕು."

ಅವನು ವೇಗವನ್ನು ನಾಲ್ಕೂವರೆ ಗಿಗಾಹರ್ಟ್ಸ್‌ಗೆ ಇಳಿಸಿದ. ಒಂದು ಪಾಯಿಂಟ್ ಮೂರು ವೋಲ್ಟ್ ಕೊಟ್ಟ. ನಿಂತುಹೋಯಿತು. ಸ್ವಲ್ಪ ಏರಿಸಿದ. ಮತ್ತೆ ನಿಂತಿತು. ಒಂದು ಪಾಯಿಂಟ್ ಮೂರು ನಾಲ್ಕರಲ್ಲಿ ಪರೀಕ್ಷೆ ದಾಟಿತು.

ಗಂಟೆ ಒಂಬತ್ತು ಇಪ್ಪತ್ತು. ಹೀಗೇ ಓಡಿದರೆ ಫ್ರೇಮುಗಳು ಐದೂಕಾಲಿಗೆ ಮುಗಿಯುತ್ತವೆ, ಕಳಿಸಲು ಇನ್ನು ಇಪ್ಪತ್ತು ನಿಮಿಷ. ಒಂದು ಸಲ ಎಡವಬಹುದು. ಎರಡನೆಯ ಸಲಕ್ಕೆ ಜಾಗವಿಲ್ಲ.

ಅಕ್ಕ ಟೇಬಲ್ ಫ್ಯಾನನ್ನು ಬಿಚ್ಚಿಟ್ಟ ಡಬ್ಬದತ್ತ ತಿರುಗಿಸಿದಳು. "ನಮಗಿಲ್ಲದ ಗಾಳಿ, ಕುಡಿ ತಾಯಿ," ಎಂದು ಗೊಣಗಿದಳು.

ಮೂರು ಗಂಟೆಗೆ ಪರದೆ ಸ್ತಬ್ಧವಾಯಿತು.

ಅವಳು ನೆಲಕ್ಕೆ ಕುಸಿದಳು. "ಮುಗೀತು... ಮೂರು ವರ್ಷ..."

ಅವನು ಅವಳೆದುರು ಮಂಡಿಯೂರಿದ. "ಇಲ್ಲಿ ನೋಡು. ವೇಗ ಇಳಿಸಿದ್ರೆ ಚಿಪ್ ಉಳಿಯುತ್ತೆ, ಆರು ಗಂಟೆ ದಾಟುತ್ತೆ. ಒಂದು ಪಾಯಿಂಟ್ ಮೂರು ಎಂಟು ಕೊಟ್ರೆ ಇವತ್ತು ಮುಟ್ಟಬಹುದು. ನಡುವೆಯೇ ಸುಟ್ಟೂ ಹೋಗಬಹುದು. ಹೋದ ಸಲ ನಿನ್ನ ಕೇಳದೆ ನಾನೇ ತೀರ್ಮಾನ ಮಾಡಿದೆ. ತಪ್ಪು ನಂದು. ಈ ಸಲ ನೀನು ಹೇಳು."

ಅವಳು ಅವನನ್ನೇ ನೋಡಿದಳು. ಸೋತರೆ ನಾನು ಊರು ಬಿಡದೆ ಇಲ್ಲೇ ಉಳಿಯುತ್ತೇನೆ; ಅದು ಗೊತ್ತಿದ್ದೂ ತೀರ್ಮಾನ ನನಗೇ ಬಿಡುತ್ತಿದ್ದಾನೆ!

"ಕೊಡು," ಎಂದಳು.

ಚಿಪ್ಪಿನ ಶಾಖ ತೊಂಬತ್ತು ಡಿಗ್ರಿ ದಾಟಿತು. ತೊಂಬತ್ತಾರಕ್ಕೆ ಏರಿ, ಅಲ್ಲೇ ನಡುಗುತ್ತ ನಿಂತಿತು. ಇಬ್ಬರೂ ಆ ಅಂಕಿಯನ್ನೇ ನೋಡುತ್ತಿದ್ದರು.

"ಅವತ್ತು ಯಾಕೆ ಏನೂ ಹೇಳದೆ ಹೋದೆ?" ಮೆಲ್ಲನೆ ಕೇಳಿದಳು.

"ನೀನು ಅಂದಿದ್ದು ಅರ್ಧ ನಿಜ. ನೀನು ಹೋಗಬಾರದು ಅಂತ ದಿನಾ ಅನ್ನಿಸ್ತಿತ್ತು. ಅದನ್ನ ಕಂಪ್ಯೂಟರ್ ಮೇಲೆ ತೀರಿಸ್ಕೊಳ್ಳಲಿಲ್ಲ, ಅಷ್ಟೆ. ಮನಸ್ಸಲ್ಲಿ ಕಳ್ಳ ಇದ್ದ... ಬಾಯಿ ಬರಲಿಲ್ಲ."

ಅವಳ ಕಣ್ಣು ತುಂಬಿತು. ನಾಲ್ಕು ತಿಂಗಳು ನಾನು ದ್ವೇಷಿಸಿದ್ದು ಇವನನ್ನೇ?

ಕೊನೆಯ ಫ್ರೇಮ್ ಐದು ಮೂವತ್ತಾರಕ್ಕೆ ಬಂತು. ಐದು ಐವತ್ತಾರಕ್ಕೆ ಪರದೆಯ ಮೇಲೆ 'ತಲುಪಿದೆ' ಎಂದು ಮೂಡಿತು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋದಳು.

ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು. ಅವನು ಗುಂಡಿ ಒತ್ತಿದ. ಮತ್ತೆ ಒತ್ತಿದ. ಏನೂ ಆಗಲಿಲ್ಲ.

"ಹೋಯ್ತಾ?"

"ಹೋಯ್ತು."

ಅವಳು ಅವನ ಹೆಗಲಿಗೆ ಹಣೆಯಾನಿಸಿ ಅತ್ತಳು. ಅವನು ಅಂಜುತ್ತಲೇ ಅವಳ ಬೆನ್ನ ಮೇಲೆ ಕೈಯಿಟ್ಟ.

"ಕ್ಷಮಿಸು ಅನ್ನೋಕೂ ಮುಖ ಇಲ್ಲ ನನಗೆ," ಎಂದಳು. "ಆದ್ರೂ... ಆಯ್ಕೆ ಆದ್ರೆ ಹೋಗ್ತೀನಿ ಕಣೋ."

"ಹೋಗು. ಅಲ್ಲೂ ಕೆಟ್ಟ ಕಂಪ್ಯೂಟರ್ ಇರ್ತವಲ್ಲ. ನಾನೂ ಬರ್ಲಾ?"

"ಆಯ್ಕೆ ಆಗದಿದ್ರೆ?"

"ಇಲ್ಲೇ ಇರ್ತೀನಿ. ನಿನ್ನ ಜೊತೆ."

"ಎಲ್ಲಾದ್ರೂ ಸರಿ," ಅವಳು ಅವನ ಅಂಗಿಯಲ್ಲೇ ಮೂಗೊರೆಸಿಕೊಂಡಳು. "ಬಾಯಿ ಮುಚ್ಕೊಂಡು ಮಾತ್ರ ಇರಬೇಡ."

"ಹಾಗಾದ್ರೆ ಕೇಳು," ಎಂದು ಅವನು, ಇಷ್ಟು ದಿನ ನುಂಗಿಕೊಂಡಿದ್ದನ್ನೆಲ್ಲ ಹೇಳತೊಡಗಿದ.