ಅಮ್ಮನ ಫೋನಿಗೆ ಸಿಗದ ವೈಫೈ

"ಅಮ್ಮಾ... ಫೋನ್ ಕೊಡೀ... ಫೋನೂ..."

ಬಾಗಿಲಲ್ಲಿ ನಿಂತಿದ್ದ ವೈಫೈ ರಿಪೇರಿಯವನು ಅಕ್ಕಪಕ್ಕದ ನಾಲ್ಕು ಮನೆಗೆ ಕೇಳುವಂತೆ ಕೂಗುತ್ತಿದ್ದ. ಹೆಗಲಲ್ಲಿ ಚೀಲ, ಕೈಯಲ್ಲಿ ಸುತ್ತಿದ ವೈರು. ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಅಮ್ಮ ಅವನ ಬಾಯಿಯನ್ನೇ ನೋಡುತ್ತಾ ನಗುತ್ತಿದ್ದಳು.

ಒಳಗಿನ ಕೋಣೆಯಲ್ಲಿ ಯಂತ್ರದ ಸದ್ದು ನಿಂತಿತು. ಮಾಸ್ಕನ್ನು ಗಲ್ಲಕ್ಕೆ ಎಳೆದುಕೊಂಡು ಮಗಳು ಹೊರಗೆ ಬಂದಳು. ಹುಬ್ಬಿನ ಮೇಲೆಲ್ಲ ಬಿಳಿ ಧೂಳು.

"ಯಾಕ್ರೀ ಹಾಗೆ ಕೂಗ್ತೀರಾ?"

"ಅಲ್ಲ ಮೇಡಂ, ಅಮ್ಮಂಗೆ ಕಿವಿ ಕೇಳಲ್ಲ ಅಂತ ಆಫೀಸಲ್ಲಿ ಹೇಳಿದ್ರು. ಅದಕ್ಕೆ ಸ್ವಲ್ಪ ಜೋರಾಗಿ..."

"ಹುಟ್ಟಿದಾಗಿನಿಂದ ಕೇಳಲ್ಲ. ನೀವು ಕೂಗಿದ್ದು ಕೇಳಿಸಿದ್ದು ನನಗೆ, ಆಮೇಲೆ ಬೀದಿಯವರಿಗೆ."

ಅವನ ಮುಖ ಇಷ್ಟೇ ಇಷ್ಟಾಯಿತು. ತಪ್ಪಿಸಿಕೊಳ್ಳಲು ಪಕ್ಕಕ್ಕೆ ತಿರುಗಿದರೆ ಅಲ್ಲೊಂದು ಕಪಾಟು. ಕಪಾಟಿನ ತುಂಬ ಸಾಲುಸಾಲು ಹಲ್ಲುಗಳು ಅವನನ್ನು ನೋಡಿ ಕಿಸಿಯುತ್ತಿದ್ದವು. ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಕಚ್ಚಲ್ಲ, ಬನ್ನಿ," ಅಂದಳು ಅವಳು.

ಅವಳ ಕೆಲಸವೇ ಅದು, ಹಲ್ಲು ಕಟ್ಟುವುದು. ಡಾಕ್ಟರುಗಳು ಬೊಚ್ಚುಬಾಯಿಯ ಅಚ್ಚು ತೆಗೆದು ಕಳಿಸಿದರೆ ಇವಳು ಹಲ್ಲಿನ ಸೆಟ್ಟು ಮಾಡಿ ಕೊಡುತ್ತಿದ್ದಳು. ಬೀದಿಯವರೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಊರಿಗೆಲ್ಲ ನಗು ಹಂಚುವ ಹಲ್ಲಕ್ಕನ ಮೂಗಿನ ತುದಿಯಲ್ಲೇ ಕೋಪ. ಇರದೆ ಏನು ಮಾಡೀತು ಹೇಳಿ. ಮದುವೆಗೆ ಒಪ್ಪಿದ್ದ ಇಬ್ಬರು, "ಅಮ್ಮ ನನ್ನ ಜೊತೆಗೇ ಇರ್ತಾಳೆ" ಅಂದ ಕೂಡಲೇ ಹಿಂದೆ ಸರಿದಿದ್ದರು. ಆಮೇಲೆ ಅವಳು ಆ ವಿಷಯವನ್ನೇ ಮನಸ್ಸಿನಿಂದ ತೆಗೆದುಹಾಕಿದ್ದಳು. ತೆಗೆದುಹಾಕಿದ್ದೇನೆ ಅಂದುಕೊಂಡಿದ್ದಳು, ಅಷ್ಟೆ.

"ಏನು ತೊಂದ್ರೆ ಮೇಡಂ?"

"ನನ್ನ ಫೋನಿಗೆ ವೈಫೈ ಬರುತ್ತೆ, ಅಮ್ಮನ ಫೋನಿಗೆ ಬರಲ್ಲ. ಬಂದ್ರೂ ನಿಲ್ಲಲ್ಲ. ಸಂಜೆ ಐದಕ್ಕೆ ದೊಡ್ಡಮ್ಮ ವಿಡಿಯೋ ಕಾಲ್ ಮಾಡ್ತಾರೆ. ಅದೊಂದು ತಪ್ಪಬಾರದು."

ಅಮ್ಮನ ಅಕ್ಕನಿಗೂ ಕಿವಿ ಕೇಳುತ್ತಿರಲಿಲ್ಲ. ಇಬ್ಬರೂ ಶಾಲೆಗೆ ಹೋದವರಲ್ಲ, ಬರೆದು ಓದಿ ಗೊತ್ತಿಲ್ಲ. ಅವರ ಮಾತೆಲ್ಲ ಕೈಯಲ್ಲಿ. ಕೈ ಕಂಡರೆ ಮಾತು, ಕಾಣದಿದ್ದರೆ ಇಲ್ಲ. ದೊಡ್ಡಮ್ಮ ಈಗ ದೂರದ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ತಿಂಗಳ ಕೊನೆಗೆ ಹೃದಯದ ಆಪರೇಷನ್. ಏನೂ ಹೇಳುವ ಹಾಗಿಲ್ಲ ಅಂದಿದ್ದರು ಡಾಕ್ಟರು. ಹೋಗಿ ನೋಡೋಣವೆಂದರೆ ಅಮ್ಮ ಜಾರಿಬಿದ್ದು ಕಾಲು ಮುರಿದುಕೊಂಡು ಕೂತಿದ್ದಳು. ಮನೆ ಎರಡು ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡು, ಹಿತ್ತಲ ಕಿಟಕಿಯ ಬಳಿ ಬಿಟ್ಟರೆ ಎಲ್ಲೂ ಮೊಬೈಲ್ ಸಿಗ್ನಲ್ ಇರಲಿಲ್ಲ. ಅಮ್ಮನ ಕೈಯಲ್ಲಿದ್ದದ್ದು ಮಗಳ ಹಳೇ ಫೋನು, ಅದಕ್ಕೆ ಸಿಮ್ಮೂ ಇಲ್ಲ. ಇನ್ನು ಉಳಿದದ್ದು ವೈಫೈ ಒಂದೇ.

ವೈಫೈಯವನು ವೈರಿನ ಜಾಡು ಹಿಡಿದು ಹೊರಟ. ವೈರು ಗೋಡೆ ದಾಟಿ, ಮೇಜು ದಾಟಿ, ನೇರ ಕಬ್ಬಿಣದ ಬೀರುವಿನೊಳಗೆ ಹೋಗಿತ್ತು.

"ರೂಟರ್ ಬೀರು ಒಳಗಿದೆಯಾ?"

"ಪ್ಲಾಸ್ಟರ್ ಧೂಳು ಕೂತು ಹಾಳಾಗುತ್ತೆ ಅಂತ..." ಅವಳ ದನಿ ಸ್ವಲ್ಪ ಇಳಿಯಿತು.

"ಸಿಗ್ನಲ್ಲು ಕಬ್ಬಿಣ ತೂರ್ಕೊಂಡು ಬರಲ್ಲ ಮೇಡಂ. ಒಡವೆ ಜೊತೆ ಇಟ್ಟು ಬೀಗ ಹಾಕಿದ್ದೀರಲ್ಲ, ಪಾಪ ಅದು ಏನು ಮಾಡುತ್ತೆ?"

ಅವಳಿಗೆ ನಗು ಬಂತು. ನಕ್ಕರೆ ಇವನು ತಲೆ ಮೇಲೆ ಕೂರುತ್ತಾನೆ ಎಂದು ಮಾಸ್ಕ್ ಮೇಲೆಳೆದುಕೊಂಡಳು.

ಅವನು ರೂಟರನ್ನು ಹೊರಗೆ ತೆಗೆದು, ಧೂಳು ಬಾರದ ನಡುಮನೆಯ ಗೋಡೆಗೆ ಎತ್ತರದಲ್ಲಿ ಕೂರಿಸಿದ. ಆಮೇಲೆ ಮಾಡಿದ್ದನ್ನು ನೋಡಿ ಅವಳು ಒಳಗೆ ಹೋಗುವುದನ್ನೇ ಮರೆತಳು. ಅವನು ಅಮ್ಮನ ಕುರ್ಚಿಯ ಮುಂದೆ ನೆಲದಲ್ಲಿ ಕೂತು, ಅವಳ ಮುಖಕ್ಕೆ ಮುಖ ಕೊಟ್ಟು, ಬೆರಳಿನಲ್ಲೇ ವಿವರಿಸತೊಡಗಿದ್ದ. ರೂಟರ್ ಕಡೆಗೊಂದು ಬೆರಳು, ಫೋನ್ ಕಡೆಗೊಂದು ಬೆರಳು, ನಡುವೆ ಎರಡು ದಾರಿ. ಒಂದು ಓಡುವ ದಾರಿ, ಹತ್ತಿರಕ್ಕೆ ಮಾತ್ರ. ಇನ್ನೊಂದು ನಡೆಯುವ ದಾರಿ, ಮನೆಯ ಮೂಲೆಗೂ ಮುಟ್ಟುತ್ತದೆ. ಈ ಹಳೇ ಫೋನಿಗೆ ನಡೆಯುವ ದಾರಿಯೇ ಸರಿ. ಎರಡು ದಾರಿಗೂ ಒಂದೇ ಹೆಸರಿದ್ದುದರಿಂದ ಪಾಪ, ಅದು ತಬ್ಬಿಬ್ಬಾಗುತ್ತಿತ್ತು. ಅವನು ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟ.

ಅಮ್ಮ ತಲೆದೂಗಿದಳು. ಐದು ಗಂಟೆಗೆ ದೊಡ್ಡಮ್ಮನ ಮುಖ ಫೋನಿನಲ್ಲಿ ನಿಚ್ಚಳವಾಗಿ ಮೂಡಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎರಡು ದಿನ ಬಿಟ್ಟು ಮತ್ತೆ ಚಿತ್ರ ನಿಂತುಹೋಗತೊಡಗಿತು. ಅವನು ಮತ್ತೆ ಬಂದ, ಮತ್ತೊಮ್ಮೆ ಬಂದ. ರೂಟರ್ ಆರಿಸಿ ಹಚ್ಚಿ ಅದು ಏಳುವ ತನಕ ಅಮ್ಮನ ಮುಂದೆ ಕೂತಿರುತ್ತಿದ್ದ. ಅಮ್ಮ ಏನೋ ಕೈಯಾಡಿಸುವುದು, ಅವನು ಅದನ್ನೇ ತಪ್ಪುತಪ್ಪಾಗಿ ಮಾಡುವುದು, ಅಮ್ಮ ಅವನ ಬೆರಳು ಹಿಡಿದು ತಿದ್ದುವುದು ನಡೆದೇ ಇತ್ತು. ಒಳಗಿನ ಕೋಣೆಯಿಂದ ಮಗಳು ಕದ್ದು ನೋಡುತ್ತಿದ್ದಳು. ಒಂದು ದಿನ ಹಾಗೆ ನೋಡುತ್ತಾ ಯಾರದೋ ಮುಂಬಲ್ಲನ್ನು ಅರ್ಧಕ್ಕರ್ಧ ತೇದುಬಿಟ್ಟಳು.

'ಏನಾಗಿದೆ ನಿನಗೆ? ವೈಫೈ ಕೆಟ್ಟರೆ ಸಿಟ್ಟು ಬರಬೇಕು. ನೀನು ಕನ್ನಡಿ ನೋಡ್ಕೋತಿದ್ದೀಯಲ್ಲ...'

ಕಡೆಗೂ ಕಳ್ಳ ಸಿಕ್ಕ. ಮಹಡಿ ಮೇಲಿನ ಬಾಡಿಗೆಯವರ ಫೋನುಗಳೆಲ್ಲ ಇವರ ವೈಫೈಯಲ್ಲೇ ಜೋತುಬಿದ್ದಿದ್ದವು.

"ಪಾಸ್‌ವರ್ಡ್ ಯಾರು ಕೊಟ್ರು ಅವರಿಗೆ?"

"ನಾನೇ. ಯಾವಾಗಲೋ ಒಂದಿನ ಕೇಳಿದ್ರು, ಕೊಟ್ಟೆ."

"ಕೋಪ ಜಾಸ್ತಿ, ಮನಸ್ಸು ಮೆತ್ತಗೆ," ಅಂದ ಅವನು, ತನಗೇ ಹೇಳಿಕೊಂಡಂತೆ. ಅವಳ ಕಿವಿ ಬಿಸಿಯಾಯಿತು. "ಈಗ ಬೀಗ ಹಾಕಿದ್ದೀನಿ ಮೇಡಂ. ನಿಮ್ಮದು, ಅಮ್ಮಂದು, ಎರಡೇ ಫೋನಿಗೆ ಪ್ರವೇಶ. ಬೇರೆಯವರಿಗೆ ಪಾಸ್‌ವರ್ಡ್ ಗೊತ್ತಿದ್ರೂ ಒಳಗೆ ಬಿಡಲ್ಲ."

ಆಮೇಲೆ ವೈಫೈ ಒಂದು ದಿನವೂ ಕೆಡಲಿಲ್ಲ. ಅವನಿಗೆ ಬರಲು ನೆಪವೂ ಇರಲಿಲ್ಲ. ಅವಳಿಗೆ ಆ ವಾರ ಯಾವ ಕೆಲಸವೂ ರುಚಿಸಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಬಂತು. ಆರು ಗಂಟೆಗೆ ದೊಡ್ಡಮ್ಮನ ಫೋನನ್ನು ನರ್ಸು ತೆಗೆದಿಟ್ಟುಕೊಳ್ಳುತ್ತಾರೆ, ಅಷ್ಟರೊಳಗೆ ಮಾತಾಡಬೇಕು. ಅಮ್ಮ ಮಧ್ಯಾಹ್ನದಿಂದಲೇ ತಲೆ ಬಾಚಿಕೊಂಡು ಕೂತಿದ್ದಳು. ನಾಲ್ಕರ ಹೊತ್ತಿಗೆ ಫೋನು ಸ್ವಲ್ಪ ನಿಧಾನ ಅನ್ನಿಸಿತು. ಯಾಕೆ ತೊಂದರೆ ಎಂದು ಮಗಳು ಫೋನಿನಿಂದ ವೈಫೈಯನ್ನು ಅಳಿಸಿ, ಪಾಸ್‌ವರ್ಡ್ ಹೊಸದಾಗಿ ಹಾಕಿದಳು.

ಅಷ್ಟೇ. ಫೋನು ಒಳಗೇ ಹೋಗಲಿಲ್ಲ.

ಅವಳಿಗೆ ಗೊತ್ತಿರಲಿಲ್ಲ, ಹಾಗೆ ಅಳಿಸಿದರೆ ಆ ಫೋನು ರೂಟರಿಗೆ ತನ್ನ ಗುರುತನ್ನೇ ಬದಲಿಸಿ ಹೇಳುತ್ತದೆ ಎಂದು. ರೂಟರಿನ ಪಾಲಿಗೆ ಅದು ಯಾರೋ ಹೊರಗಿನವರು. ಅಳಿಸಬೇಡಿ ಎಂದು ಹೇಳಿಹೋಗಲು ಅವನೂ ಮರೆತಿದ್ದ.

ಅವಳು ಕಿಟಕಿಗೆ ಓಡಿ ತನ್ನ ಫೋನಿನಿಂದ ಅವನಿಗೆ ಕರೆ ಮಾಡಿದಳು. "ಬರ್ತಿದ್ದೀನಿ, ಹೆದರಬೇಡಿ," ಅಂದ. ಅದೇ ಹೊತ್ತಿಗೆ ಕ್ಲಿನಿಕ್ಕಿನಿಂದ ಕರೆ, ಹಲ್ಲಿಗಾಗಿ ಮುದುಕರೊಬ್ಬರು ಬಾಯಿ ತೆರೆದು ಕೂತಿದ್ದಾರೆ ಎಂದು. ತನ್ನ ಫೋನನ್ನು ಅಮ್ಮನಿಗೆ ಬಿಟ್ಟುಹೋಗಬಹುದಿತ್ತು. ಆ ಗಡಿಬಿಡಿಯಲ್ಲಿ ಬುದ್ಧಿಗೆ ಮಂಕು ಕವಿದಿತ್ತು. ಈಗ ಬಂದೆ ಎಂದು ಅಮ್ಮನಿಗೆ ಕೈಯಲ್ಲಿ ಹೇಳಿ ಓಡಿದಳು. ಬರುವಾಗ ರಸ್ತೆ ತುಂಬ ವಾಹನ ನಿಂತಿತ್ತು. ಮನೆ ಮುಟ್ಟಿದಾಗ ಆರು ದಾಟಿತ್ತು.

ಹಿತ್ತಲ ಕಿಟಕಿಯ ಬಳಿ ಕುರ್ಚಿಯಲ್ಲಿ ಅಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಅವನು ಪಕ್ಕದಲ್ಲಿ ನಿಂತಿದ್ದ, ಅಮ್ಮನ ಫೋನು ಅವನ ಕೈಯಲ್ಲಿ. ಅವಳು ಫೋನು ಕಿತ್ತುಕೊಂಡು ನೋಡಿದಳು. ವೈಫೈ ಇಲ್ಲ.

"ಮೇಡಂ, ಅದು..."

"ಏನೂ ಹೇಳಬೇಡಿ." ಅವಳು ಅಮ್ಮನ ಪಕ್ಕಕ್ಕೆ ಬಂದು ನಿಂತಳು. "ಬೀಗ ಹಾಕಿದ್ದು ನೀವು. ನಮ್ಮಮ್ಮನ ಮನೇಲಿ ನಮ್ಮಮ್ಮನ್ನೇ ಹೊರಗಿಟ್ರಿ. ನಾಳೆ ದೊಡ್ಡಮ್ಮಂಗೆ ಏನಾದ್ರೂ ಆದ್ರೆ... ನಿಮಗೇನು ಬಿಡಿ, ನಿಮಗಿದು ಹತ್ತರ ಜೊತೆ ಹನ್ನೊಂದನೇ ಕಂಪ್ಲೇಂಟು. ಹೋಗಿ. ಇನ್ಮೇಲೆ ಬರಬೇಡಿ."

ಅವನು ಅವಳನ್ನೇ ನೋಡಿದ. ಆಮೇಲೆ ಅಮ್ಮನ ಕಡೆ ತಿರುಗಿದ.

"ಬೀಗ ಹಾಕಿದ್ದು ನಾನೇ. ತಪ್ಪಾಯ್ತು," ಅಂದು ಚೀಲ ಎತ್ತಿಕೊಂಡು ಹೋದ.

ಇದೊಂದೂ ಅಮ್ಮನಿಗೆ ಕೇಳಿಸಿರಲಿಲ್ಲ. ಮುಖದಿಂದ ಕೈ ತೆಗೆದು, ಕಣ್ಣೊರೆಸಿಕೊಂಡು ಅತ್ತಿತ್ತ ನೋಡಿದಳು. ಕೈಯಾಡಿತು.

"ಆ ಹುಡುಗ ಎಲ್ಲಿ?"

"ಕಳಿಸ್ದೆ. ಅವನಿಂದ್ಲೇ ಅಲ್ವಾ ನೀನು ಮಾತಾಡೋದು ತಪ್ಪಿದ್ದು?"

ಅಮ್ಮನ ಕೈ ಗಾಳಿಯಲ್ಲೇ ನಿಂತಿತು. "ಯಾರು ಹೇಳಿದ್ದು ನಿನಗೆ? ಹೊಟ್ಟೆ ತುಂಬ ಮಾತಾಡಿದೆ ನಮ್ಮಕ್ಕನ ಹತ್ತಿರ."

"ಮತ್ತೆ... ಅಳ್ತಿದ್ದೆ?"

"ಅಕ್ಕ ಬೀಳ್ಕೊಂಡಾಗ ಅಳದೆ ನಗ್ತಾರೇನೇ?"

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಹುಟ್ಟಿದಾಗಿನಿಂದ ಕಣ್ಣಿನಲ್ಲೇ ಅಮ್ಮನ ಮಾತು ಕೇಳಿ ಬೆಳೆದವಳು, ಅಮ್ಮನನ್ನು ಒಂದು ಮಾತು ಕೇಳದೆ ತೀರ್ಪು ಕೊಟ್ಟುಬಿಟ್ಟಿದ್ದಳು.

ಅಮ್ಮ ಹೇಳುತ್ತಾ ಹೋದಳು. ಅವನು ಬಂದಾಗ ಹೊತ್ತಾಗಿತ್ತು. ರಿಪೇರಿ ಆಮೇಲೆ, ಮಾತು ಮೊದಲು ಎಂದು ತನ್ನ ಫೋನಿನ ಹಾಟ್‌ಸ್ಪಾಟ್ ಹಚ್ಚಿದ. ಸಿಗ್ನಲ್ ಸಿಗುವುದು ಕಿಟಕಿಯಲ್ಲಿ ಮಾತ್ರ. ಅಮ್ಮನನ್ನು ಕುರ್ಚಿ ಸಮೇತ ಅಲ್ಲಿಗೆ ಎಳೆದ. ಅಲ್ಲಿ ಫೋನು ಒರಗಿಸಿಡಲು ಜಾಗವಿಲ್ಲ, ಅಮ್ಮನಿಗೋ ಮಾತಾಡಲು ಎರಡೂ ಕೈ ಬೇಕು. ಅವನೇ ಫೋನನ್ನು ಅವಳ ಮುಖದೆದುರು ಎತ್ತಿ ಹಿಡಿದು ನಿಂತ. ಮಾತು ಮುಗಿಯುವ ತನಕ ತೋಳು ಇಳಿಸಲಿಲ್ಲ. ಮುಗಿದ ಮೇಲೆ ಹಾಟ್‌ಸ್ಪಾಟ್ ಆರಿಸಿ ರಿಪೇರಿಗೆ ಕೈ ಹಾಕುವಷ್ಟರಲ್ಲಿ ಮಗಳು ಬಂದಿದ್ದಳು.

"ಒಂದು ವಿಷಯ ಗೊತ್ತಾ?" ಅಮ್ಮನ ಬೆರಳು ನಿಧಾನವಾದವು. "ಅಕ್ಕ ಸಾಯೋ ಮಾತು ತೆಗೆದಾಗ ಅವನು ಮುಖ ಗೋಡೆ ಕಡೆ ತಿರುಗಿಸ್ಕೊಂಡ. ಮತ್ತೆ ಈ ಕಡೆ ನೋಡ್ಲೇ ಇಲ್ಲ."

ಅರ್ಥವಾಗದವನಿಗೆ ಮುಖ ತಿರುಗಿಸಿಕೊಳ್ಳುವ ಅಗತ್ಯವೇನು? ಅವನಿಗೆ ಅಮ್ಮನ ಮಾತು ಅರ್ಥವಾಗುತ್ತಿತ್ತು. ಅಷ್ಟೊಂದು ಕಲಿತಿದ್ದ ಅವನು. ಅವಳ ನೆಂಟರಲ್ಲೇ ಯಾರೂ ಅಷ್ಟು ಕಲಿತಿರಲಿಲ್ಲ.

"ನಿನ್ನನ್ನ ಕೈಯಲ್ಲಿ ಹೇಗೆ ಕರೆಯೋದು ಅಂತ ಮೊದಲನೇ ವಾರಾನೇ ಕೇಳ್ಕೊಂಡಿದ್ದಾನೆ," ಅಂದಳು ಅಮ್ಮ, ಅಳುವಿನ ನಡುವೆಯೇ ನಗುತ್ತಾ. "ನೀನು ಬೈದು ಕಳಿಸಿದೆ."

ಅವಳು ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತಳು. 'ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುತ್ತಾ...' ಅವನಿಗೆ ಕರೆ ಮಾಡಿದರೆ ಅವನು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮನ ಫೋನು ತಾನೇ ತಾನಾಗಿ ವೈಫೈಗೆ ಸೇರಿಕೊಂಡಿತು. ಆಪರೇಷನ್ ಮುಗಿಯಿತು, ಜೀವಕ್ಕೆ ಭಯವಿಲ್ಲ ಎಂದು ಸಂಜೆ ಸುದ್ದಿ ಬಂತು. ಅದರ ಮರುದಿನ ಬೆಳಿಗ್ಗೆಯೇ ದೊಡ್ಡಮ್ಮ ಹಾಸಿಗೆಯಿಂದ ಕೈಯೆತ್ತಿ ಎರಡು ಮಾತಾಡಿದಳು. ಅದು ಮುಗಿದದ್ದೇ ಹಲ್ಲಕ್ಕ ಚಪ್ಪಲಿ ಮೆಟ್ಟಿಕೊಂಡು ಅವನ ಆಫೀಸಿಗೆ ಹೊರಟಳು. ಎದುರಿನ ಶಾಲೆಯಲ್ಲಿ ವೈರು ಎಳೀತಿದ್ದಾರೆ ಎಂದರು ಆಫೀಸಿನವರು.

ಉದ್ದನೆಯ ವರಾಂಡ. ಅವನು ಏಣಿಯ ಮೇಲಿದ್ದ. ಅವಳನ್ನು ಕಂಡು ಅವನ ಕೈ ನಿಂತಿತು.

"ಮೇಡಂ... ಫೋನ್ ಸರಿಹೋಯ್ತಲ್ಲ? ಬೀಗ ತೆಗೆದೆ, ಆಫೀಸಿಂದ್ಲೇ."

"ಸರಿಹೋಗಿದೆ. ದೊಡ್ಡಮ್ಮನೂ ಹುಷಾರಾಗಿದ್ದಾರೆ."

ಅವನು ಏಣಿಯ ಮೆಟ್ಟಿಲ ಮೇಲೇ ಕೂತುಬಿಟ್ಟ. ಎರಡು ದಿನದಿಂದ ಹೊತ್ತಿದ್ದ ಭಾರ ಇಳಿದಂತೆ ಉಸಿರು ಬಿಟ್ಟ.

"ಅವತ್ತು ಯಾಕ್ರೀ ಹೇಳ್ಲಿಲ್ಲ? ಮಾತಾಡಿದ್ರು ಅಂತ ಒಂದು ಮಾತು..."

"ನೀವು ಅಂದಿದ್ದು ಸುಳ್ಳಾಗಿರಲಿಲ್ವಲ್ಲ. ಬೀಗ ನಂದೇ. ಆಮೇಲೆ ಆ ಅಕ್ಕತಂಗಿ ಮಾತು... ಅಮ್ಮನೇ ಹೇಳಬೇಕಾದ್ದು, ನಾನಲ್ಲ ಅನ್ನಿಸ್ತು."

ಅವಳ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲೂ ಇಲ್ಲ.

"ನನ್ನದು ತಪ್ಪಾಯ್ತು. ಬಾಯಿಗೆ ಬಂದ ಹಾಗೆ ಅಂದೆ. ನೋಡಿ, ನನಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ನೀವು ಬರದೇ ಇದ್ದ ವಾರ ನಾನು ನಾನಾಗಿರಲಿಲ್ಲ. ನೀವು ನಮ್ಮನೆಗೆ ಬರಬೇಕು. ವೈಫೈ ಕೆಡದೇ ಇದ್ರೂ ಬರಬೇಕು." ಅವಳು ಉಸಿರು ಎಳೆದುಕೊಂಡಳು. "ಆದ್ರೆ ಅಮ್ಮ ನನ್ನ ಜೊತೆಗೇ ಇರ್ತಾಳೆ. ಮೊದಲೇ ಹೇಳ್ತಿದ್ದೀನಿ."

ಅವನು ಏಣಿ ಇಳಿದು ಅವಳೆದುರು ಬಂದು ನಿಂತ.

"ಇಷ್ಟು ದಿನ ನಾನು ಮಾತಾಡಿದ್ದೇ ಅಮ್ಮನ ಜೊತೆ. ನೀವೆಲ್ಲಿ, ಮಾಸ್ಕ್ ತೆಗೆದ್ರೆ ಬೈಯೋಕೆ ಮಾತ್ರ."

ಅವಳಿಗೆ ಅಳುವಿನಲ್ಲೇ ನಗು ಬಂತು. ಈ ಸಲ ಮುಚ್ಚಿಕೊಳ್ಳಲು ಮಾಸ್ಕ್ ಇರಲಿಲ್ಲ.

"ಇವತ್ತು ದೊಡ್ಡಮ್ಮ ಕೈಯೆತ್ತಿ ಮೊದಲು ಕೇಳಿದ್ದೇನು ಗೊತ್ತಾ? ಅವತ್ತು ಫೋನ್ ಹಿಡ್ಕೊಂಡಿದ್ದು ಯಾರು ಅಂತ. ಅಷ್ಟು ಹೊತ್ತೂ ಒಂಚೂರು ಅಲ್ಲಾಡ್ಲಿಲ್ಲ ಅಂದ್ರು."

"ಅಮ್ಮ ಏನಂದ್ರು?"

"ಇವಳನ್ನೇ ಕೇಳು ಅಂತ ನನ್ನ ಕಡೆ ಕೈ ತೋರಿಸಿದ್ಲು."

"ನೀವೇನಂದ್ರಿ?"

"ಸಂಜೆ ಹೇಳ್ತೀನಿ ಅಂದೆ. ನಿಮ್ಮನ್ನ ಒಂದು ಮಾತು ಕೇಳದೆ ಹೇಗೆ ಹೇಳ್ಲಿ?"

"ಕೇಳಿ ಮತ್ತೆ."

ಅವಳು ತಲೆ ತಗ್ಗಿಸಿದಳು. ಊರಿಗೆಲ್ಲ ಗದರುವ ದನಿ ಈಗ ಅವನೊಬ್ಬನಿಗೆ ಕೇಳುವಷ್ಟೇ ಇತ್ತು.

"ನಮ್ಮನೆಯವರು... ಅಂತ ಹೇಳ್ಲಾ?"

ಅವನು ಕೈ ಒರೆಸಿಕೊಂಡು, ಅವಳ ಹುಬ್ಬಿನ ಮೇಲಿನ ಪ್ಲಾಸ್ಟರ್ ಧೂಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ತೆಗೆದ.

"ಹೇಳಿ. ಆದ್ರೆ ನಾನು ಬಂದ ಮೇಲೆ ಹೇಳಿ. ನೀವು ಮೂರು ಜನ ಮಾತಾಡ್ತಾ ಕೂತ್ರೆ, ಫೋನ್ ಹಿಡ್ಕೊಳ್ಳೋರು ಯಾರು?"