ಉತ್ತರ ಕೊಡದವನು

"ಎಲ್ಲಿಗೆ ಹೊರಟೆ?"

ಕೇಳಿದವಳು ಮಿಯೋ. ಕೇಳಿಸಿಕೊಂಡವನು ಉತ್ತರ ಕೊಡಲಿಲ್ಲ.

ಸೂರ್ಯ ಮುಳುಗಿ, ಬೆಳಕಿನ್ನೂ ಉಳಿದಿದ್ದ ಹೊತ್ತು. ಊರಿಗೆ ಊರೇ ಚರ್ಚಿನಲ್ಲಿ ಹಾಡಿನ ಅಭ್ಯಾಸಕ್ಕೆ ಕೂತಿತ್ತು. ಸ್ಮಶಾನದ ಪಕ್ಕದ ಕಾಲುದಾರಿಯಲ್ಲಿ ಅವಳೊಬ್ಬಳೇ. ಅವನು ಸಮುದ್ರದೊಳಗಿಂದ ನಡೆದು ಬಂದ. ಮೊಣಕಾಲಿನವರೆಗೆ ಒದ್ದೆ, ಎಡ ಭುಜ ತುಸು ಇಳಿಸಿದ ನಡಿಗೆ. ಅವಳನ್ನು ಕಂಡವನೇ ನಿಂತುಬಿಟ್ಟ. ಕಣ್ಣಲ್ಲಿ ಕಣ್ಣಿಟ್ಟು ನೋಡಿದ... ಆಮೇಲೆ ತುಟಿ ಬಿಚ್ಚದೆ ಹೋಗಿ ಒಂದು ಗೋರಿಯ ಪಕ್ಕ ಕುಳಿತ.

ಮಿಯೋ ಅಲ್ಲಿಂದ ಕದಲಲಿಲ್ಲ. ಹೆದರಿಕೆಗೋ, ಆ ಕಣ್ಣುಗಳಿಗೋ, ಅವಳಿಗೇ ಗೊತ್ತಾಗಲಿಲ್ಲ.

ಮಕ್ಕಳಿಗೆ ಮಣಿಚೌಕಟ್ಟಿನಲ್ಲಿ ಲೆಕ್ಕ ಕಲಿಸುವ ಸ್ವಯಂಸೇವಕಿಯಾಗಿ ಅವಳು ಜಪಾನಿನಿಂದ ಟೊಂಗಾದ ಈ ಪುಟ್ಟ ದ್ವೀಪಕ್ಕೆ ಬಂದು ಎರಡು ತಿಂಗಳಾಗಿತ್ತು. ಇಲ್ಲಿ ಎದುರಾದವರೆಲ್ಲ ಕೇಳುವುದು ಅದೊಂದೇ. ಕಸ ಎಸೆಯಲು ಹೊರಟರೂ "ಎಲ್ಲಿಗೆ ಹೊರಟೆ?" ಇವರಿಗೇನು ಇಷ್ಟೊಂದು ವಿಚಾರಣೆ ಎಂದು ಮೊದಮೊದಲು ಸಿಡುಕಿದ್ದಳು. ಅದೇ ಇಲ್ಲಿಯ ನಮಸ್ಕಾರ ಎಂದು ತಿಳಿಯಲು ತಿಂಗಳು ಹಿಡಿಯಿತು. "ಹೀಗೇ, ಅಲ್ಲೀತನಕ" ಎಂದರೂ ಸಾಕು. ಆದರೆ ಏನಾದರೊಂದು ಅನ್ನಲೇಬೇಕು.

"ಅತ್ತೆ, ಕೇಳಿದ್ದಕ್ಕೆ ಉತ್ತರ ಕೊಡದೇ ಹೋದ್ರೆ ಏನರ್ಥ?" ಊಟಕ್ಕೆ ಕೂತಾಗ ಕೇಳಿದಳು. ತಾನಿದ್ದ ಮನೆಯ ಯಜಮಾನಿ ಲೋಸಲಿನೆಯನ್ನು ಅವಳು ಅತ್ತೆ ಎಂದೇ ಕರೆಯುತ್ತಿದ್ದಳು.

"ಬದುಕಿರೋರು ಯಾರೂ ಹಾಗೆ ಹೋಗಲ್ಲ ಕಣೇ. ಕೂದಲು ಬಿಟ್ಕೊಂಡು ಹೋಗಿದ್ಯಾ?"

"ಆಗಷ್ಟೇ ಸ್ನಾನ ಮಾಡಿದ್ದೆ..."

"ಸರಿಹೋಯ್ತು. ಮುಸ್ಸಂಜೇಲಿ ಕೂದಲು ಬಿಟ್ಕೊಂಡು ಓಡಾಡೋದು ದೆವ್ವಗಳು. ನೀನು ಅದಕ್ಕೆ ನೆಂಟಳ ಹಾಗೆ ಕಂಡಿರ್ಬೇಕು."

ಅತ್ತೆ ನಕ್ಕಳು. ಮಿಯೋಗೆ ನಗು ಬರಲಿಲ್ಲ.

ಅವನು ಇನ್ನೆರಡು ಸಂಜೆ ಬಂದ. ಆಮೇಲೆ ಹತ್ತು ಹನ್ನೆರಡು ದಿನ ಪತ್ತೆಯಿಲ್ಲ. ಮತ್ತೆ ಬಂದ. ಅಷ್ಟರಲ್ಲಿ ಮಿಯೋ ಕಿವಿಗೆ ಹೂವು ಮುಡಿದು ಕಾಯುವಂತಾಗಿದ್ದಳು. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಮೌನ. ನೋಟ ಮಾತ್ರ ದಿನದಿನಕ್ಕೂ ಉದ್ದವಾಗುತ್ತಿತ್ತು. ಒಂದೇ ಒಂದು ಸಂಜೆ ಅವನು ಗೋರಿಯ ಪಕ್ಕದಿಂದಲೇ ನಕ್ಕ. ಕೈ ಎತ್ತಿ ಸಮುದ್ರದ ಆಚೆಯ ನಡುಗಡ್ಡೆಯನ್ನು ತೋರಿಸಿದ. ಅವತ್ತು ಅವಳಿಗೆ ಕೈಕಾಲೆಲ್ಲ ತಣ್ಣಗಾಗಿತ್ತು.

'ಯಾರು ನೀನು? ಸತ್ತವನಾ? ಸತ್ತವನಾದರೆ ನಾನ್ಯಾಕೆ ನಿನಗೋಸ್ಕರ ಕನ್ನಡಿ ನೋಡ್ಕೋತೀನಿ...'

ಒಂದು ಶುಕ್ರವಾರ ಬೆಳಿಗ್ಗೆ ಬಾಯಿತಪ್ಪಿ ಹೇಳಿಬಿಟ್ಟಳು. "ನಿನ್ನೇನೂ ಬಂದಿದ್ದ ಅತ್ತೆ. ಎಡ ಭುಜ ಇಳಿಸ್ಕೊಂಡು ನಡೀತಾನೆ."

ಗೆಣಸು ಹೆರೆಯುತ್ತಿದ್ದ ಅತ್ತೆಯ ಕೈ ನಿಂತಿತು. "ಯಾವ ಗೋರಿ ಹತ್ರ ಕೂತ್ಕೋತಾನೆ?"

"ಸುತ್ತ ಹಸಿರು ಸೀಸೆ ನೆಟ್ಟಿದಾರಲ್ಲ, ಅದು."

"ಅದು ನಮ್ಮ ಕೆಲೆಪಿದು..." ಅತ್ತೆಯ ದನಿ ಇಳಿಯಿತು. "ನನ್ನಣ್ಣನ ಮಗ. ಹೋದ ವರ್ಷ ಮೀನಿಗೆ ಹೋದೋನು ಹೆಣವಾಗಿ ಬಂದ. ಆ ನಡಿಗೆ ಅವನದೇ."

ಹತ್ತೇ ನಿಮಿಷದಲ್ಲಿ ಅತ್ತೆ ರಾಜಧಾನಿಯ ಸ್ವಯಂಸೇವಕರ ಕಚೇರಿಗೆ ಫೋನು ಮಾಡಿಯಾಗಿತ್ತು. "ನಾಳೆ ಹಡಗಿಗೆ ಹೊರಡು ಮಗಳೇ. ಸತ್ತೋನು ಆಸೆಪಟ್ಟ ಹುಡುಗೀನ ಮನೇಲಿ ಇಟ್ಕೊಳ್ಳೋ ಧೈರ್ಯ ನನಗಿಲ್ಲ. ನಿನ್ನನ್ನೂ ಕಳ್ಕೊಳ್ಳಲಾರೆ."

ನಾಳೆ ಹೋದರೆ ಮತ್ತೆಂದೂ ಅವನನ್ನು ನೋಡುವಂತಿಲ್ಲ. ಖಾಲಿ ತರಗತಿಯಲ್ಲಿ ಕೂತು ಮಿಯೋ ಅತ್ತಳು. ಕಣ್ಣೊರೆಸಿಕೊಂಡು ದಿನಚರಿ ತೆರೆದಳು. ಅವನು ಬಂದ ಎಂಟು ದಿನಗಳನ್ನೂ ಅದರಲ್ಲಿ ಬರೆದಿಟ್ಟಿದ್ದಳು. ಎದುರಿನ ಗೋಡೆಯ ಮೇಲೆ ಸಮುದ್ರದ ಉಬ್ಬರವಿಳಿತದ ಪಟ್ಟಿ ತೂಗುತ್ತಿತ್ತು. ಸುಮ್ಮನೆ ಎರಡನ್ನೂ ಹೋಲಿಸಿದಳು.

ಏಳು ದಿನವೂ ಮುಸ್ಸಂಜೆಗೆ ಸರಿಯಾಗಿ ನೀರು ಇಳಿದಿತ್ತು. ಉಳಿದೊಂದು ದಿನ ಮಾತ್ರ, ಒಂದು ಮಂಗಳವಾರ, ನೀರು ತುಂಬಿತ್ತು. ತಾರೀಖು ತಪ್ಪಾಗಿ ಬರೆದಿರಬೇಕು ಎಂದುಕೊಂಡಳು. ಲೆಕ್ಕದಲ್ಲಿ ತಪ್ಪುವವಳಲ್ಲ ಅವಳು, ಆದರೂ.

ನೀರಿಳಿದರೆ ನಡುಗಡ್ಡೆಯಿಂದ ಹವಳದ ಬಂಡೆಗಳ ಮೇಲೆ ನಡೆದೇ ಬರಬಹುದು. 'ದೆವ್ವ ಎಲ್ಲಾದರೂ ನೀರಿಳಿಯಲಿ ಅಂತ ಕಾಯುತ್ತಾ?' ಇವತ್ತೂ ಮುಸ್ಸಂಜೆಗೆ ನೀರು ಇಳಿಯುತ್ತಿತ್ತು.

ಆ ಸಂಜೆ ಅವಳು ಗೋರಿಯ ಬಳಿಯೇ ನಿಂತಿದ್ದಳು. ಅವನು ಬಂದ.

"ಎಲ್ಲಿಗೆ ಹೊರಟೆ?"

ದೂರದಲ್ಲಿ ಚರ್ಚಿನ ಹಾಡು ನಿಂತು, ಮತ್ತೆ ಶುರುವಾಯಿತು.

"ನಾಳೆ ನನ್ನ ಕಳಿಸಿಬಿಡ್ತಾರೆ. ಒಂದೇ ಒಂದು ಮಾತಾಡು..."

ಅವನು ತಲೆಯಾಡಿಸಿ ಒಂದು ಹೆಜ್ಜೆ ಹಿಂದೆ ಸರಿದ. ಅಷ್ಟರಲ್ಲಿ ಮಿಯೋ ಚಟ್ಟನೆ ತನ್ನ ತೋಳಿಗೆ ಹೊಡೆದುಕೊಂಡಳು. ಅಂಗೈಯಲ್ಲಿ ರಕ್ತದ ಚುಕ್ಕೆ.

ಅವನು ಆ ಅಂಗೈಯನ್ನೇ ನೋಡಿದ.

"ಸೊಳ್ಳೆ ಕಚ್ತಾ?"

"ಹೂಂ."

"ದೆವ್ವಕ್ಕೆ ಸೊಳ್ಳೆ ಕಚ್ಚಲ್ಲ," ಎಂದವನು ಮರಳ ಮೇಲೆ ಕುಸಿದು ಕುಳಿತ. "ನೀನು ಕೂದಲು ಬಿಟ್ಟಿದ್ದೆ. ಹೂವಿನ ವಾಸನೆ ಬೇರೆ. ನಮ್ಮ ಮಾತನ್ನ ಯಾವುದೋ ರಾಗದಲ್ಲಿ ಆಡ್ತಿದ್ದೆ. ದೆವ್ವ ಕೇಳಿದ್ದಕ್ಕೆ ಉತ್ತರ ಕೊಟ್ರೆ ಅದರ ಹಿಂದೇನೇ ಹೋಗ್ಬೇಕಾಗತ್ತೆ."

"ಮತ್ತೆ... ಮತ್ತೆ ಮತ್ತೆ ಯಾಕೆ ಬಂದೆ?"

"ಮೊದಲು ತಮ್ಮನಿಗಾಗಿ. ಆಮೇಲೆ... ದೆವ್ವ ಆದ್ರೂ ಸರಿ, ನೋಡ್ಬೇಕು ಅನ್ನಿಸ್ತು."

ಅವನ ಹೆಸರು ಮಾಫು. ಕೆಲೆಪಿಯ ಅಣ್ಣ, ರೂಪವೂ ನಡಿಗೆಯೂ ತಮ್ಮನದೇ. ಆರು ವರ್ಷ ನ್ಯೂಜಿಲೆಂಡಿನ ಸೇಬಿನ ತೋಟಗಳಲ್ಲಿ ದುಡಿದವನು, ತಮ್ಮ ಸತ್ತಾಗ ಬರಲಾಗಿರಲಿಲ್ಲ. ಈಗ ಬಂದರೂ ಊರೊಳಗೆ ಕಾಲಿಡಲಾರದೆ ನಡುಗಡ್ಡೆಯ ಗುಡಿಸಲಲ್ಲಿ ಅಡಗಿದ್ದ.

"ತಮ್ಮನ ಮಣ್ಣಿಗೆ ಬರದೋನು ಲೋಸಲಿನೆ ಅತ್ತೆಗೆ ಹೇಗೆ ಮುಖ ತೋರಿಸ್ಲಿ?"

ಮಿಯೋ ಅವನ ಕೈ ಹಿಡಿದಳು. ಬೆಚ್ಚಗಿತ್ತು. ಅಷ್ಟು ಸಾಕಾಗಿತ್ತು ಅವಳಿಗೆ. "ಬಾ," ಎಂದಳು.

ಚರ್ಚಿನಿಂದ ಆಗಷ್ಟೇ ಬಂದ ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಎಡ ಭುಜ ಇಳಿಸಿ ಬರುತ್ತಿದ್ದವನನ್ನು ಕಂಡು ಅವಳ ಕೈಯ ಹಾಡಿನ ಪುಸ್ತಕ ಕೆಳಗೆ ಬಿತ್ತು.

"ಎಲ್ಲಿಗೆ... ಎಲ್ಲಿಗೆ ಹೊರಟೆ?"

"ಮನೆಗೆ, ಅತ್ತೆ. ನಾನು ಮಾಫು."

ಅತ್ತೆ ಅವನ ಬೆನ್ನಿಗೆ ನಾಲ್ಕು ಗುದ್ದಿದಳು. ಆಮೇಲೆ ಅದೇ ಬೆನ್ನನ್ನು ತಬ್ಬಿಕೊಂಡು ಅತ್ತಳು. ಕಚೇರಿಗೆ ಮತ್ತೆ ಫೋನು ಮಾಡಿದ್ದೂ ಅವಳೇ.

ಶನಿವಾರ ಬೆಳಿಗ್ಗೆ ಮಿಯೋ, ಮಾಫು ಇಬ್ಬರೂ ಕೆಲೆಪಿಯ ಗೋರಿಗೆ ಹೂವಿಡಲು ಬಂದರು. ಹಡಗು ಒಮ್ಮೆ ಕೂಗಿತು.

"ಆ ಮಂಗಳವಾರ ನೀರು ತುಂಬಿತ್ತಲ್ಲ, ಹೇಗೆ ಬಂದೆ?" ಎಂದಳು ಮಿಯೋ. "ಅವತ್ತೊಂದೇ ದಿನ ನೀನು ನಕ್ಕಿದ್ದು. ನಡುಗಡ್ಡೆ ಕಡೆ ಕೈ ತೋರಿಸಿದ್ಯಲ್ಲ."

ಅವಳ ಕೈಯೊಳಗಿದ್ದ ಅವನ ಕೈ ತಣ್ಣಗಾಯಿತು.

"ಅವತ್ತು ನಾನು ಬಂದಿಲ್ಲ ಮಿಯೋ."

ಇಬ್ಬರೂ ಗೋರಿಯನ್ನೇ ನೋಡುತ್ತ ನಿಂತರು. ಸೀಸೆಗಳ ನಡುವೆ ಮರಳು ನುಣ್ಣಗಿತ್ತು. ಮಾಫುವಿನ ಕಣ್ಣು ತುಂಬಿತು. ಮಿಯೋ ಕಿವಿಯ ಹೂವನ್ನು ತೆಗೆದು ಆ ಮರಳ ಮೇಲಿಟ್ಟಳು. ಅವಳ ಲೆಕ್ಕ ತಪ್ಪಿರಲಿಲ್ಲ.

ಹಡಗು ಎರಡನೆಯ ಸಲ ಕೂಗಿತು.

"ಎಲ್ಲಿಗೆ ಹೊರಟೆ?" ಮಾಫು ಮೆಲ್ಲಗೆ ಕೇಳಿದ.

ಅವಳು ಮಾತಾಡಲಿಲ್ಲ.

"ಉತ್ತರ ಕೊಡು ಮಾರಾಯ್ತಿ, ಹೆದರಿಕೆ ಆಗತ್ತೆ."

"ಎಲ್ಲಿಗೂ ಇಲ್ಲ," ಎಂದಳು ಮಿಯೋ. "ನಿನ್ನೆ ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಟ್ಯಲ್ಲ... ಇನ್ನು ನನ್ನ ಹಿಂದೇನೇ ಬರ್ಬೇಕು."

"ಬಂದೆ," ಎಂದ ಅವನು.